ಮಕ್ಕಳ ಹಲ್ಲಿನ ಮೇಲಿನ ಬಿಳಿ-ಕಂದು ಗೆರೆ: ಸವೆದದ್ದೋ, ಹಲ್ಲು ಕಟ್ಟುವಾಗಲೇ ಬಂದದ್ದೋ?

ವಿಜ್ಞಾನ_ಮಾಸ್ತರ (ಮುಂಡರಗಿ ತಾಲ್ಲೂಕು)

ಎಂಟನೇ ತರಗತಿಗೆ ಹಲ್ಲಿನ ರಚನೆಯ ಗೋಡೆಚಿತ್ರ, ಪಾಲಕರ ಸಭೆಗೆ ಎರಡು ಪುಟದ ಹಾಳೆ ತಯಾರಾಗಬೇಕು. ಪಠ್ಯದಲ್ಲಿ ಇರೋದು ಒಂದೇ ಸಾಲು: ಎನಾಮಲ್ (ಹಲ್ಲಿನ ಹೊರಪದರ) ಅಂದರೆ ದೇಹದ ಅತಿ ಗಟ್ಟಿ ವಸ್ತು. ಅಷ್ಟರಿಂದ ಇಲ್ಲಿನ ಮಕ್ಕಳ ಹಲ್ಲಿನ ಸಮಸ್ಯೆ ವಿವರಿಸೋಕೆ ಆಗಲ್ಲ.

ಮೂರು ಥರದ ಗುರುತು ಕಾಣ್ತವೆ. ಒಂದು, ಸುಣ್ಣದ ಕಡ್ಡಿಯಿಂದ ಎಳೆದ ಹಾಗೆ ಅಡ್ಡಡ್ಡ ಬಿಳಿ ಗೆರೆಗಳು, ಕೆಲವರಲ್ಲಿ ಅವೇ ಕಂದು ಬಣ್ಣಕ್ಕೆ ತಿರುಗಿವೆ. ಎರಡು, ಒಂದೇ ಬಾಚಿಹಲ್ಲಿನ ಮೇಲೆ ಅಂಚು ಸ್ಪಷ್ಟವಾಗಿರೋ ಹಳದಿ ಮಚ್ಚೆ. ಮೂರು, ಒಸಡಿಗೆ ತಾಗಿದ ಹಾಗೆ ಬಿಳಿಚಿದ ಪಟ್ಟಿ. ಪಾಲಕರ ಲೆಕ್ಕದಲ್ಲಿ ಮೂರೂ ಒಂದೇ: ಹೊಲಸು. ಇದ್ದಿಲು, ಬೂದಿ, ಇಟ್ಟಿಗೆ ಪುಡಿ ಹಚ್ಚಿ ತಿಕ್ಕಿಸ್ತಾರೆ.

ಕೇಳಬೇಕಾದ್ದು ಇಷ್ಟು. ಈ ಮೂರನ್ನು ಬರಿಗಣ್ಣಿಂದ ಬೇರೆ ಮಾಡೋದು ಹೇಗೆ? ತಿಕ್ಕಿದರೆ ಹೋಗುತ್ತಾ? ಊರಲ್ಲಿ ಶುದ್ಧ ನೀರಿನ ಘಟಕ ಬಂದಿದೆ, ಆದರೂ ಸಣ್ಣ ಮಕ್ಕಳ ಹೊಸ ಹಲ್ಲಲ್ಲೂ ಗೆರೆ ಇದೆ, ಯಾಕೆ? ಹಿರಿಯರ ದವಡೆಹಲ್ಲು ಚಪ್ಪಟೆಯಾಗಿ ಸವೆದಿರೋದೂ ಇದೇ ಕಾಯಿಲೆಯಾ?

ದಂತ_ಊತಕ (ಧಾರವಾಡ)

ನಿಮ್ಮ ಹಾಳೆಯ ತಲೆಯ ಮೇಲೆ ದಪ್ಪಕ್ಷರದಲ್ಲಿ ಹೀಗೆ ಬರೆಯಿರಿ: ಎನಾಮಲ್ ಮೂಳೆಯಲ್ಲ. ಮೂಳೆಯೊಳಗೆ ಜೀವಕೋಶಗಳಿವೆ, ರಕ್ತ ಓಡಾಡುತ್ತದೆ, ಮುರಿದರೆ ಕೂಡುತ್ತದೆ. ಎನಾಮಲ್‌ನಲ್ಲಿ ಇದು ಯಾವುದೂ ಇಲ್ಲ. ಅದನ್ನು ಕಟ್ಟುವ ಅಮೆಲೋಬ್ಲಾಸ್ಟ್ ಕೋಶಗಳು ಹಲ್ಲಿನ ಹೊರಮೈ ಮೇಲೆ ಸಾಲಾಗಿ ನಿಂತಿರುತ್ತವೆ. ಹಲ್ಲು ಒಸಡು ಸೀಳಿ ಹೊರಗೆ ಬರುವಷ್ಟರಲ್ಲಿ ಕಳಚಿ ಹೋಗಿರುತ್ತವೆ. ಗಾರೆಯವರು ಊರು ಬಿಟ್ಟ ಮೇಲಿನ ಗೋಡೆ ಅದು.

ತೂಕದಲ್ಲಿ ಸುಮಾರು 96 ಶೇಕಡಾ ಖನಿಜ, ಸುಮಾರು 1 ಶೇಕಡಾ ಪ್ರೋಟೀನು, ಉಳಿದದ್ದು ನೀರು. ಅದರ ಕೆಳಗಿರುವ ಹಲ್ಲಿನ ಒಳಪದರ ಡೆಂಟಿನ್‌ನಲ್ಲಿ ಖನಿಜ 70 ಶೇಕಡಾ ಅಷ್ಟೆ. ದಪ್ಪ ಎಲ್ಲ ಕಡೆ ಒಂದೇ ಅಲ್ಲ: ದವಡೆಹಲ್ಲಿನ ಉಬ್ಬುಗಳ ನೆತ್ತಿಯಲ್ಲಿ ಸುಮಾರು 2.5 ಮಿ.ಮೀ., ಒಸಡಿನ ಹತ್ತಿರ ಇಳಿಯುತ್ತ ಇಳಿಯುತ್ತ ಚಾಕುವಿನ ಅಂಚಿನಷ್ಟು. ಹಾಲುಹಲ್ಲಿನಲ್ಲಿ ಸುಮಾರು 1 ಮಿ.ಮೀ. ಅಥವಾ ಅದಕ್ಕಿಂತ ಕಡಿಮೆ. ಹಾಲುಹಲ್ಲು ಹುಳುಕು ಹಿಡಿದರೆ ಬೇಗ ಒಳಗಿಳಿಯಲು ಇದೂ ಒಂದು ಕಾರಣ.

ಆ ಖನಿಜ ಹೈಡ್ರಾಕ್ಸಿಅಪಟೈಟ್, ಅಂದರೆ ಕ್ಯಾಲ್ಸಿಯಂ ಫಾಸ್ಫೇಟಿನ ಹರಳು; ಮಧ್ಯೆ ಮಧ್ಯೆ ಫಾಸ್ಫೇಟಿನ ಜಾಗದಲ್ಲಿ ಕಾರ್ಬೊನೇಟ್ ಸೇರಿಕೊಂಡಿರುತ್ತದೆ, ಆಮ್ಲಕ್ಕೆ ಮೊದಲು ಕರಗುವುದು ಅಂಥ ಜಾಗವೇ. ಸಾವಿರಾರು ಹರಳು ಒಟ್ಟಾಗಿ ಒಂದು ಕಡ್ಡಿ, ಒಂದು ಕಡ್ಡಿಯ ದಪ್ಪ ಸುಮಾರು 5 ಮೈಕ್ರೋಮೀಟರ್. ಹತ್ತು ಹದಿನೈದು ಕಡ್ಡಿ ಒತ್ತಿಟ್ಟರೆ ಒಂದು ತಲೆಗೂದಲಿನ ದಪ್ಪ. ಗೋಡೆಚಿತ್ರಕ್ಕೆ ಜೋಳದ ಕಣಿಕಿ ಸಿವುಡನ್ನು ನೆಟ್ಟಗೆ ನಿಲ್ಲಿಸಿದ ಹಾಗೆ ಬರೆಸಿ: ಬುಡ ಡೆಂಟಿನ್ ಕಡೆ, ತುದಿ ಹಲ್ಲಿನ ಮೇಲ್ಮೈ ಕಡೆ. ಆದರೆ ಬುಡದ ಹತ್ತಿರ ಅವು ನೆಟ್ಟಗಿಲ್ಲ, ಒಂದರ ಮೇಲೊಂದು ಅಡ್ಡ ಹಾಯ್ದು ಜಡೆ ಹೆಣೆದ ಹಾಗಿರುತ್ತವೆ. ಮೇಲಿಂದ ಬಿದ್ದ ಬಿರುಕು ಅಲ್ಲಿ ದಾರಿ ತಪ್ಪಿ ನಿಲ್ಲುತ್ತದೆ. ಇಲ್ಲದಿದ್ದರೆ ಇಷ್ಟು ಪೆಡಸಾದ ವಸ್ತು ನಲವತ್ತು ವರ್ಷ ಅಡಿಕೆ ಕಡಿದು ಉಳಿಯುತ್ತಿರಲಿಲ್ಲ.

ಈಗ ಮುಖ್ಯ ಭಾಗ. ಎನಾಮಲ್ ಎರಡು ಹಂತದಲ್ಲಿ ಆಗುತ್ತದೆ. ಯಾವ ಹಂತದಲ್ಲಿ ತೊಂದರೆ ಆಯಿತು ಅನ್ನುವುದರ ಮೇಲೆ ಗುರುತು ಬೇರೆಯಾಗುತ್ತದೆ.

ಮೊದಲ ಹಂತದಲ್ಲಿ ಕೋಶಗಳು ಪ್ರೋಟೀನನ್ನು ಸುರಿಯುತ್ತವೆ, ಹೆಚ್ಚಿನಂಶ ಅಮೆಲೋಜೆನಿನ್ ಅನ್ನುವುದು. ಅದರೊಳಗೆ ನೂಲಿನಂತೆ ತೆಳ್ಳನೆಯ ಹರಳು ಬೆಳೆಯುತ್ತ ಹೋಗುತ್ತದೆ, ಕೋಶ ಹಿಂದೆ ಹಿಂದೆ ಸರಿಯುತ್ತದೆ. ದಿನಕ್ಕೆ ಸುಮಾರು 4 ಮೈಕ್ರೋಮೀಟರ್. ಪ್ರತಿ ದಿನದ ಕೆಲಸಕ್ಕೂ ಒಂದೊಂದು ಅಡ್ಡಗುರುತು ಬೀಳುತ್ತದೆ, ಸುಮಾರು ವಾರಕ್ಕೊಮ್ಮೆ ದಪ್ಪ ಗೆರೆ. ಮರದ ಉಂಗುರದ ಹಾಗೆ, ಆದರೆ ವರ್ಷದ್ದಲ್ಲ, ವಾರದ್ದು. ಹೊಸದಾಗಿ ಹುಟ್ಟಿದ ಬಾಚಿಹಲ್ಲಿನ ಮೇಲೆ ಟಾರ್ಚ್ ಬೆಳಕನ್ನು ಓರೆಯಾಗಿ ಬಿಟ್ಟು ನೋಡಿ, ನೀರಿನ ಅಲೆಯಂಥ ಸಣ್ಣ ಅಡ್ಡಗೆರೆಗಳು ಕಾಣುತ್ತವೆ. ಆ ವಾರದ ಗೆರೆಗಳು ಮೇಲ್ಮೈಗೆ ಬಂದು ಮುಟ್ಟುವ ಜಾಗ ಅವು, ರೋಗವಲ್ಲ. ವಯಸ್ಸಾದಂತೆ ಸವೆದು ನುಣ್ಣಗಾಗುತ್ತವೆ.

ಈ ಹಂತ ಮುಗಿದಾಗ ದಪ್ಪ ಪೂರ್ತಿ ಬಂದಿರುತ್ತದೆ, ಗಟ್ಟಿತನ ಬಂದಿರುವುದಿಲ್ಲ. ಗಟ್ಟಿ ಗಿಣ್ಣದ ಹದ ಅನ್ನಬಹುದು, ಉಗುರು ಒತ್ತಿದರೆ ಗುರುತು ಬೀಳುವಂಥದ್ದು. ಎರಡನೇ ಹಂತದಲ್ಲಿ ಕಿಣ್ವಗಳು ಆ ಪ್ರೋಟೀನನ್ನು ಕತ್ತರಿಸಿ ಹೊರಹಾಕುತ್ತವೆ, ತೆರವಾದ ಜಾಗಕ್ಕೆ ಕ್ಯಾಲ್ಸಿಯಂ, ಫಾಸ್ಫೇಟ್ ಬಂದು ಹರಳು ದಪ್ಪಗಾಗುತ್ತದೆ. ಇದಕ್ಕೆ ವರ್ಷಗಳೇ ಬೇಕು.

ಮೊದಲ ಹಂತದಲ್ಲಿ ಅಡ್ಡಿಯಾದರೆ ದಪ್ಪವೇ ಕಡಿಮೆ: ಗುಳಿ, ಕಾಲುವೆ, ತೆಳ್ಳನೆಯ ಜಾಗ. ಬೆರಳಿಗೆ ಸಿಗುತ್ತದೆ. ಎರಡನೇ ಹಂತದಲ್ಲಿ ಅಡ್ಡಿಯಾದರೆ ದಪ್ಪ ಸರಿಯಿದೆ, ಮೈ ನುಣ್ಣಗಿದೆ, ಒಳಗೆ ಮಾತ್ರ ಸಣ್ಣ ಸಣ್ಣ ರಂಧ್ರ ಉಳಿದಿದೆ. ಕಣ್ಣಿಗೆ ಅದು ಬೆಳ್ಳಗೆ, ಸೀಮೆಸುಣ್ಣದ ಹಾಗೆ ಕಾಣುತ್ತದೆ. ನಿಮ್ಮ ಮೊದಲ ಗುಂಪಿನ ಅಡ್ಡಗೆರೆ ಈ ಜಾತಿಯದು. ಕುಡಿಯುವ ನೀರಿನಲ್ಲಿ ಕರಗಿರುವ ಫ್ಲೋರೈಡ್ ಎಂಬ ಲವಣ ಹೆಚ್ಚಾದಾಗ ಪ್ರೋಟೀನು ಹೊರಹೋಗುವುದು ನಿಧಾನವಾಗುತ್ತದೆ. ಕೊಳೆ ಹತ್ತಿದ್ದಲ್ಲ, ತುಂಬಬೇಕಾದದ್ದು ತುಂಬದೆ ಉಳಿದದ್ದು. ಕಂದು ಬಣ್ಣ ಆಮೇಲಿನದು: ಹಲ್ಲು ಹೊರಬಂದ ಮೇಲೆ ಚಹಾ, ಊಟದ ಬಣ್ಣ ಆ ರಂಧ್ರಗಳಿಗೆ ಇಳಿದದ್ದು.

ಬೇರೆ ಮಾಡುವ ಬಗೆ ಹೇಳುತ್ತೇನೆ. ಅಡ್ಡಗೆರೆ ಎಡಬಲ ಜೋಡಿ ಹಲ್ಲಿನಲ್ಲಿ ಒಂದೇ ಮಟ್ಟದಲ್ಲಿದ್ದು, ಅಂಚು ಮಸುಕಾಗಿ ಸುತ್ತಲಿನ ಹಲ್ಲಿನಲ್ಲಿ ಕರಗಿಹೋಗಿದ್ದರೆ ಫ್ಲೋರೋಸಿಸ್, ಅಂದರೆ ಫ್ಲೋರೈಡ್ ಹೆಚ್ಚಾಗಿ ಬಂದ ಗುರುತು. ಆ ಕಾಲದಲ್ಲಿ ತಯಾರಾಗುತ್ತಿದ್ದ ಹಲ್ಲುಗಳೆಲ್ಲ ಒಂದೇ ನೀರು ಕುಡಿದಿರುತ್ತವಲ್ಲ, ಅದಕ್ಕೇ ಜೋಡಿ.

ಅಂಚು ಕತ್ತರಿಸಿದ ಹಾಗೆ ಸ್ಪಷ್ಟವಾಗಿರುವ ಹಳದಿ ಮಚ್ಚೆ ಒಂದೇ ಹಲ್ಲಿನಲ್ಲಿದ್ದರೆ ಎರಡು ಪ್ರಶ್ನೆ ಕೇಳಿ. ಅದೇ ಜಾಗದ ಹಾಲುಹಲ್ಲಿಗೆ ಪೆಟ್ಟು ಬಿದ್ದಿತ್ತೇ ಅಥವಾ ಕೀವು ತುಂಬಿತ್ತೇ? ಹೌದಾದರೆ ಕೆಳಗೆ ತಯಾರಾಗುತ್ತಿದ್ದ ಹಲ್ಲಿಗೆ ಅದರ ಪೆಟ್ಟು. ಅಲ್ಲವಾದರೆ ಬಾಯಿ ತೆರೆಸಿ, ಆರು ವರ್ಷಕ್ಕೆ ಬಂದ ಮೊದಲ ದವಡೆಹಲ್ಲು ನಾಲ್ಕನ್ನೂ ನೋಡಿ. ಅಲ್ಲೂ ಹಳದಿ-ಕಂದು ಮಚ್ಚೆ, ಮುರಿದ ಮೂಲೆ ಇದ್ದರೆ ಅದಕ್ಕೆ ಎಂಐಎಚ್ (ದವಡೆಹಲ್ಲು, ಬಾಚಿಹಲ್ಲುಗಳಿಗೆ ಖನಿಜ ಸರಿಯಾಗಿ ತುಂಬದಿರುವುದು) ಅನ್ನುತ್ತಾರೆ, 2001ರಿಂದ ಆ ಹೆಸರು ರೂಢಿಗೆ ಬಂತು. ಅಂಥ ಮಗುವನ್ನು ತಡಮಾಡದೆ ಕಳಿಸಬೇಕು. ಅದು ಅಂದಚಂದದ ವಿಷಯವಲ್ಲ, ಹಲ್ಲು ಪುಡಿಯಾಗುತ್ತದೆ.

ಒಸಡಿಗೆ ತಾಗಿದ ಬಿಳಿ ಪಟ್ಟಿ ಮಾತ್ರ ಹಲ್ಲು ಹುಟ್ಟಿದ ಮೇಲೆ ಬಂದದ್ದು. ಹಲ್ಲುಜ್ಜದೆ ಪಾಚಿ ಕೂತ ಜಾಗದಲ್ಲಿ ಆಮ್ಲ ಒಳಗಿಂದ ಖನಿಜ ಎಳೆದಿದೆ, ಹುಳುಕಿನ ಮೊದಲ ಮೆಟ್ಟಿಲು. ಮೂರರಲ್ಲಿ ಹಿಂದಿರುಗಿಸಬಹುದಾದದ್ದು ಇದೊಂದೇ. ಪಿನ್ನು, ಸೂಜಿಯಿಂದ ಕೆದಕಬಾರದು: ಮೇಲಿನ ತೆಳು ಪದರ ಇನ್ನೂ ಗಟ್ಟಿ ಇರುತ್ತದೆ, ಅದನ್ನು ಒಡೆದರೆ ಆಗ ನಿಜವಾಗಿ ಗುಂಡಿ.

ಒಂದು ಚಿಕ್ಕ ಪರೀಕ್ಷೆ. ಹಲ್ಲನ್ನು ಹತ್ತಿಯಿಂದ ಒರೆಸಿ, ತುಟಿ ಎತ್ತಿ ಹಿಡಿದು ಒಂದು ನಿಮಿಷ ಒಣಗಲು ಬಿಡಿ. ಒದ್ದೆ ಇದ್ದಾಗ ಕಾಣದ ಬಿಳಿ ಮಚ್ಚೆ ಒಣಗಿದಾಗ ಎದ್ದು ಕಾಣುತ್ತದೆ. ಎನಾಮಲ್‌ನ ವಕ್ರೀಭವನ ಸೂಚ್ಯಂಕ 1.62, ನೀರಿನದು 1.33, ಗಾಳಿಯದು 1. ರಂಧ್ರದಲ್ಲಿ ನೀರಿದ್ದರೆ ಬೆಳಕು ಕಡಿಮೆ ಚದುರುತ್ತದೆ, ಗಾಳಿ ತುಂಬಿದರೆ ಹೆಚ್ಚು ಚದುರುತ್ತದೆ. ಒಣಗಿದಾಗ ಮಾತ್ರ ಕಂಡರೆ ರಂಧ್ರ ಕಡಿಮೆ, ಒದ್ದೆಯಲ್ಲೂ ಕಂಡರೆ ಹೆಚ್ಚು. ನಿಮ್ಮ ತರಗತಿಯ ಬೆಳಕಿನ ಪಾಠಕ್ಕೂ ಆಯಿತು.

ನೀರು_ಪರೀಕ್ಷೆ (ಗದಗ)

ಘಟಕ ಬಂದರೂ ಗೆರೆ ಯಾಕೆ ಅನ್ನೋದಕ್ಕೆ ಮೊದಲು ತಾರೀಖು ಲೆಕ್ಕ ಹಾಕಿ. ಮೊದಲ ದವಡೆಹಲ್ಲು ಮಗು ಹುಟ್ಟಿದ ದಿನದಿಂದಲೇ ಒಸಡಿನೊಳಗೆ ಗಟ್ಟಿಯಾಗಲು ಶುರು, ಅದರ ತಲೆ (ಎನಾಮಲ್ ಇರೋ ಭಾಗ) 3 ವರ್ಷದೊಳಗೆ ಮುಗಿಯುತ್ತದೆ. ಮೇಲಿನ ನಡುವಿನ ಬಾಚಿಹಲ್ಲು 3-4 ತಿಂಗಳಿಗೆ ಶುರುವಾಗಿ 4-5 ವರ್ಷಕ್ಕೆ ಮುಗಿಯುತ್ತದೆ, ಕೋರೆಹಲ್ಲು 6-7ಕ್ಕೆ, ಎರಡನೇ ದವಡೆಹಲ್ಲು 7-8ಕ್ಕೆ. ಬಾಯಲ್ಲಿ ಕಾಣೋದು ಅದಾಗಿ ಮೂರು ನಾಲ್ಕು ವರ್ಷಕ್ಕೆ. ಇವತ್ತು 8 ವರ್ಷದ ಮಗುವಿನ ಬಾಚಿಹಲ್ಲಲ್ಲಿ ಗೆರೆ ಇದ್ದರೆ ಅದು ಆರೇಳು ವರ್ಷದ ಹಿಂದಿನ ನೀರಿನ ಸಾಕ್ಷಿ. ಎಂಟನೇ ತರಗತಿಯವರ ಹಲ್ಲು, ಅಕ್ಕಲ್‌ದಾಡಿ ಬಿಟ್ಟು, ಎಲ್ಲ ತಯಾರಾಗಿ ಮುಗಿದಿದೆ. ನೀರು ಬದಲಿಸಿದರೆ ಅವರ ಗೆರೆ ಹೋಗಲ್ಲ, ಮೂಳೆಗೆ ಒಳ್ಳೆಯದು. ಹಲ್ಲಿಗೆ ಲಾಭ ಆಗೋದು ಮನೆಯ ಕೂಸಿಗೆ. ಪಾಲಕರ ಸಭೆಗೆ ತಾಯಂದಿರನ್ನು, ಅಂಗನವಾಡಿಯವರನ್ನು ಕರೆಯಿರಿ.

ಇನ್ನು ನೀರು. ಮುಂಡರಗಿ ಕಡೆ ಕೊಳವೆಬಾವಿ ನೀರಲ್ಲಿ ಫ್ಲೋರೈಡ್ ಹೆಚ್ಚಿರೋದು ಹಳೆಯ ಸಂಗತಿ. ಕೆಳಗಿನ ಗ್ರಾನೈಟ್-ನೈಸ್ ಕಲ್ಲಿನ ಅಭ್ರಕ, ಅಪಟೈಟ್‌ಗಳಿಂದ ಅದು ಬಿಡುಗಡೆಯಾಗುತ್ತದೆ. ನೀರಲ್ಲಿ ಸೋಡಿಯಂ, ಬೈಕಾರ್ಬೊನೇಟ್ ಜಾಸ್ತಿ, ಕ್ಯಾಲ್ಸಿಯಂ ಕಡಿಮೆ ಇದ್ದರೆ ಫ್ಲೋರೈಡ್ ಕರಗಿಯೇ ಉಳಿಯುತ್ತದೆ. ಕ್ಯಾಲ್ಸಿಯಂ ಇದ್ದಿದ್ದರೆ ಕ್ಯಾಲ್ಸಿಯಂ ಫ್ಲೋರೈಡ್ ಆಗಿ ತಳಕ್ಕೆ ಕೂರುತ್ತಿತ್ತು. ಹೀಗಾಗಿ ಬಾಯಿಗೆ ಸಪ್ಪೆ, ಬೇಳೆ ಚೆನ್ನಾಗಿ ಬೇಯಿಸೋ 'ಮೆತ್ತನೆ ನೀರು' ಅಂತ ನಂಬಿ ಕೂರುವ ಹಾಗಿಲ್ಲ. ಹುಬ್ಬಳ್ಳಿ-ಧಾರವಾಡದ ಮಲಪ್ರಭಾ ನೀರಿಗೆ, ತುಂಗಭದ್ರಾ ನದಿ ನೀರಿಗೆ ಈ ಕಾಟ ಇಲ್ಲ.

ಭಾರತೀಯ ಮಾನಕ ಬ್ಯೂರೊದ (ಬಿಐಎಸ್) ಕುಡಿಯುವ ನೀರಿನ ಮಾನದಂಡ ಐಎಸ್ 10500 ಪ್ರಕಾರ ಲೀಟರಿಗೆ 1.0 ಮಿ.ಗ್ರಾಂ ಒಪ್ಪುವ ಮಿತಿ, ಬೇರೆ ನೀರೇ ಇಲ್ಲದಿದ್ದರೆ 1.5 ತನಕ. ಮಗುವಿನ ಲೆಕ್ಕ ಹೀಗೆ: 12 ಕೆ.ಜಿ. ತೂಕದ ಕೂಸು ದಿನಕ್ಕೆ 1 ಲೀಟರ್ ನೀರು, ಅದರಲ್ಲಿ 2.5 ಮಿ.ಗ್ರಾಂ ಫ್ಲೋರೈಡ್. ಕೆ.ಜಿ.ಗೆ 0.2 ಮಿ.ಗ್ರಾಂ ಆಯಿತು. ಸಾಮಾನ್ಯವಾಗಿ ಸುರಕ್ಷಿತ ಅನ್ನೋದು ಕೆ.ಜಿ.ಗೆ 0.05ರಿಂದ 0.07.

ಘಟಕದ ನೀರು ತಂದರೂ ತಪ್ಪುವ ಜಾಗಗಳು ಇವು. ಕುಡಿಯೋದು ಘಟಕದ್ದು, ಅಡುಗೆ ಬೋರಿನದು: ಅನ್ನ, ಬೇಳೆ, ಅಂಬಲಿ, ಚಹಾ ಎಲ್ಲದರಲ್ಲೂ ಆ ನೀರೇ ಹೊಟ್ಟೆಗೆ ಹೋಗುತ್ತದೆ. ಕುದಿಸಿದರೆ ಫ್ಲೋರೈಡ್ ಹೋಗಲ್ಲ, ನೀರು ಆರಿದಷ್ಟೂ ಸಾಂದ್ರವಾಗುತ್ತದೆ. ಬಟ್ಟೆಯಲ್ಲಿ ಸೋಸಿದರೆ, ಕ್ಯಾಂಡಲ್ ಫಿಲ್ಟರ್, ಯುವಿ ಯಂತ್ರ ಇಟ್ಟರೆ ಇದಕ್ಕೆ ಏನೂ ಉಪಯೋಗವಿಲ್ಲ. ಆರ್‌ಒ ಅಥವಾ ಸಕ್ರಿಯ ಅಲ್ಯೂಮಿನಾ ಬೇಕು. ಆರ್‌ಒದಲ್ಲೂ ರುಚಿಗೆ ಅಂತ ಹಸಿ ನೀರನ್ನು ಬೈಪಾಸ್ ವಾಲ್ವ್‌ನಿಂದ ಬೆರೆಸಿದರೆ ಫ್ಲೋರೈಡ್ ವಾಪಸ್ ಬಂತು ಅಂತಲೇ ಲೆಕ್ಕ. ಟಿಡಿಎಸ್ ಮೀಟರ್ ತೋರಿಸಿ 'ನೋಡ್ರಿ ಶುದ್ಧ ಐತಿ' ಅಂದರೆ ಒಪ್ಪಬೇಡಿ. ಆ ಮೀಟರ್ ಒಟ್ಟು ಲವಣದ ಅಂದಾಜು ಹೇಳುತ್ತದೆ, ನೂರಾರು ಮಿ.ಗ್ರಾಂ ಲವಣದಲ್ಲಿ 2 ಮಿ.ಗ್ರಾಂ ಫ್ಲೋರೈಡ್ ಅದಕ್ಕೆ ಕಾಣೋದೇ ಇಲ್ಲ.

ಎದೆಹಾಲಲ್ಲಿ ಫ್ಲೋರೈಡ್ ತೀರಾ ಕಡಿಮೆ, ತಾಯಿ ಬೋರಿನ ನೀರು ಕುಡಿದರೂ ಅಷ್ಟೆ. ಪುಡಿ ಹಾಲನ್ನು ಬೋರ್ ನೀರಲ್ಲಿ ಕಲಸಿದರೆ ಮಾತ್ರ ಕಥೆ ಬೇರೆ. ಇದು ಹಾಳೆಯಲ್ಲಿ ಬರಲೇಬೇಕು.

ಅಂದ ಹಾಗೆ ಈ ಕಂದು ಹಲ್ಲಿನ ಗುಟ್ಟು ಬಿಡಿಸಲು ಜಗತ್ತಿಗೆ ಮೂವತ್ತು ವರ್ಷ ಹಿಡಿಯಿತು. ಅಮೆರಿಕದ ಕೊಲರಾಡೊ ಸ್ಪ್ರಿಂಗ್ಸ್‌ನಲ್ಲಿ 1901ರಲ್ಲಿ ಫ್ರೆಡರಿಕ್ ಮೆಕ್‌ಕೇ ಎಂಬ ದಂತವೈದ್ಯ ಮಕ್ಕಳ ಕಂದು ಹಲ್ಲು ಗಮನಿಸಿದ. ನೀರಲ್ಲಿರೋದು ಫ್ಲೋರೈಡ್ ಅಂತ 1931ರಲ್ಲಿ ಕಂಡದ್ದು ಅಲ್ಯೂಮಿನಿಯಂ ಕಂಪನಿಯೊಂದರ ರಸಾಯನಶಾಸ್ತ್ರಜ್ಞ ಎಚ್.ವಿ. ಚರ್ಚಿಲ್.

ವಿಜ್ಞಾನ_ಮಾಸ್ತರ

ಭಾಳ ಉಪಕಾರ ಆಯ್ತು. ಅಡುಗೆ ನೀರಿನ ವಿಚಾರ ತಲೆಗೇ ಬಂದಿರಲಿಲ್ಲ. ಇನ್ನು ಹಿರಿಯರ ಸವಕಳಿ ಬಗ್ಗೆ ಯಾರಾದರೂ ಹೇಳಿ. ಇನ್ನೊಂದು: ತರಗತಿಯಲ್ಲಿ ಕೋಳಿಮೊಟ್ಟೆಯನ್ನು ವಿನೆಗರ್‌ನಲ್ಲಿ ಹಾಕಿ 'ಹಲ್ಲು ಹೀಗೇ ಕರಗುತ್ತೆ' ಅಂತ ತೋರಿಸೋ ಪ್ರಯೋಗ ಸರೀನಾ?

ಹುಬ್ಬಳ್ಳಿ_ಹಲ್ಲು (ಹುಬ್ಬಳ್ಳಿ)

ನೋಡ್ರಿ ಮಾಸ್ತರ, ಸವಕಳಿ ಅಂದ್ರ ಒಂದ ಥರಾ ಅಲ್ಲ. ಸವದ ಜಾಗದ ಆಕಾರ ನೋಡಿದ್ರ ಯಾವ್ದರಿಂದ ಸವಸೈತಿ ಅಂತ ಹೇಳಬಹುದು.

ಹಲ್ಲಿಗೆ ಹಲ್ಲು ತಿಕ್ಕಿ ಸವದದ್ದು ಚಪ್ಪಟಿ ಇರ್ತೈತಿ, ಫಳಫಳ ಹೊಳೀತೈತಿ, ಮ್ಯಾಲಿನ ಹಲ್ಲಿನ ತಟ್ಟು ಕೆಳಗಿನ ಹಲ್ಲಿನ ತಟ್ಟಿಗೆ ಸರಿಯಾಗಿ ಕೂಡತೈತಿ. ದಿನಾ ಊಟ ಮಾಡೂದರಿಂದ ದವಡಿಹಲ್ಲು ವರ್ಷಕ್ಕ ಸುಮಾರು 30 ಮೈಕ್ರೋಮೀಟರ್ ಸವಿಯೂದು ಸಹಜ. ಹತ್ತು ವರ್ಷಕ್ಕ 0.3 ಮಿ.ಮೀ. ಆತು. ಅರವತ್ತರ ವಯಸ್ಸಿಗೆ ಚಪ್ಪಟಿ ಆದ್ರ ಅದು ರೋಗ ಅಲ್ಲ. ಮೂವತ್ತಕ್ಕ ಹಂಗಾಗಿದ್ರ ನಿದ್ದ್ಯಾಗ ಹಲ್ಲು ಕಡಿಯೂದು, ಇಲ್ಲಾ ಒಣ ಅಡಕಿ ಕಡಿಯೂದು ಕೇಳ್ರಿ. ಅಡಕಿ ಹಲ್ಲು ಸವಸೂದಷ್ಟ ಅಲ್ಲ, ಉದ್ದಕ್ಕ ಸೀಳಸ್ತೈತಿ. ಬಾಯಿ ಕ್ಯಾನ್ಸರಿನ ಮಾತು ಬ್ಯಾರೆನ ಐತಿ.

ಹೊರಗಿನ ವಸ್ತು ತಿಕ್ಕಿ ಸವದದ್ದು ಒಸಡಿನ ಹತ್ರ, ಹೊರಗಿನ ಮೈ ಮ್ಯಾಲ. ಕೊಡ್ಲಿ ಏಟು ಹಾಕಿದಂಗ ಆಪಿನ ಆಕಾರದ ಕಚ್ಚು ಬಿದ್ದಿರ್ತೈತಿ. ಬಲಗೈಲೆ ತಿಕ್ಕಾವ್ರಿಗೆ ಎಡಗಡೆ ಜಾಸ್ತಿ. ಇದರ ಲೆಕ್ಕ ಸರಳ ಐತಿ: ಗಟ್ಟಿತನದ ಮೋಸ್ ಮಾಪಕದಾಗ ಎನಾಮಲ್ 5, ಡೆಂಟಿನ್ 3ರ ಆಸುಪಾಸು, ಉಸುಕಿನಾಗಿನ ಬೆಣಚು 7. ಇಟ್ಟಂಗಿ ಪುಡ್ಯಾಗ, ಬೂದ್ಯಾಗ ಈ ಬೆಣಚಿನಂಥಾ ಹರಳು ಇರ್ತಾವ. ಇದ್ದಲಿ ತಾನ ಮೆತ್ತಗದ ಖರೆ, ಆದ್ರ ಒಲಿಯಾಗಿಂದ ತಗದಿದ್ದಕ್ಕ ಬೂದಿ, ಮಣ್ಣು ಹತ್ತಿರ್ತೈತಿ. ತಿಕ್ಕಿದ ದಿನ ಬೆಳ್ಳಗ ಕಾಣ್ತಾವ, ಯಾಕಂದ್ರ ಮ್ಯಾಲಿನ ಕಲೆ ಜೋಡಿ ಮ್ಯಾಲಿನ ಎನಾಮಲ್ಲೂ ಹೋತು. ಹತ್ತು ವರ್ಷ ಹಿಂಗ ಮಾಡಿದ್ರ ಹಳದಿ ಆಗ್ತಾವ! ಎನಾಮಲ್ ತೆಳ್ಳಗಾಗಿ ಕೆಳಗಿನ ಡೆಂಟಿನ್ನಿನ ಹಳದಿ ಬಣ್ಣ ಹೊರಗ ಬೀಳ್ತೈತಿ. ಮತ್ತ ಇನ್ನಷ್ಟು ಜೋರ ತಿಕ್ತಾರ.

ಪೇಸ್ಟಿನಾಗೂ ತಿಕ್ಕೂ ಪುಡಿ ಇರ್ತೈತಿ, ಆದ್ರ ಅದಕ್ಕ ಆರ್‌ಡಿಎ ಅಂತ ಅಳತಿ ಐತಿ, ಅಂತರರಾಷ್ಟ್ರೀಯ ಮಾನದಂಡದಾಗ 250 ದಾಟಂಗಿಲ್ಲ. ಬೂದಿಗೆ ಯಾವ ಅಳತಿ?

ಮೂರನೇದು ಹುಳಿ ತಿಂದು ಕರಗಿದ್ದು. ಇಲ್ಲಿ ಚಪ್ಪಟಿ ಇರೂದಿಲ್ಲ, ಉಬ್ಬಿನ ನೆತ್ತಿ ಮ್ಯಾಲ ಸಣ್ಣ ಬಟ್ಟಲದಂಗ ಕುಳಿ ಬೀಳ್ತೈತಿ, ನಡುವ ಹಳದಿ ಡೆಂಟಿನ್ ಕಾಣ್ತೈತಿ. ಹಳೇ ಸಿಮೆಂಟ್ ತುಂಬಿಸಿದ್ದು ಹಲ್ಲಿಗಿಂತ ಮ್ಯಾಲ ಎದ್ದು ನಿಂತಿದ್ರ ಅದು ಖಾತ್ರಿ ಆಮ್ಲದ ಕೆಲಸ: ಸಿಮೆಂಟ್ ಉಳೀತು, ಸುತ್ತಲಿನ ಹಲ್ಲು ಕರಗಿತು. ಮ್ಯಾಲಿನ ಮುಂದಿನ ಹಲ್ಲಿನ ಒಳಮೈ, ಅಂಗುಳದ ಕಡೆಗಿಂದು ಕರಗಿದ್ರ ಹೊಟ್ಯಾಗಿನ ಹುಳಿ ಮ್ಯಾಲ ಬರೂದು ಅಥವಾ ಪದೇ ಪದೇ ವಾಂತಿ ಅಂತ ತಿಳೀರಿ, ಹೊಟ್ಟಿ ಡಾಕ್ಟರ ಕಡೆ ಕಳಸ್ರಿ.

ಹುಳಿ ಅಳಿಯೂದು ಪಿಎಚ್ ಲೆಕ್ಕದಾಗ, ಅಂಕಿ ಇಳದಷ್ಟು ಹುಳಿ ಜಾಸ್ತಿ. ಲಿಂಬಿಹಣ್ಣಿನ ರಸದ ಪಿಎಚ್ 2ರಿಂದ 2.6, ಕೋಲಾ 2.5ರ ಹತ್ರ. ಎನಾಮಲ್ ಕರಗಾಕ ಶುರು ಮಾಡೂದು ಸುಮಾರು 5.5ರ ಕೆಳಗ. ಆದ್ರ ಪಿಎಚ್ ಒಂದ ನೋಡಿ ತೀರ್ಮಾನ ಬ್ಯಾಡ. ಮೊಸರಿನ ಪಿಎಚ್ಚೂ 4ರ ಮ್ಯಾಲ ಅಷ್ಟ, ಹುಳಿನ. ಅದರಾಗ ಕ್ಯಾಲ್ಸಿಯಂ, ಫಾಸ್ಫೇಟ್ ತುಂಬಿರೂದರಿಂದ ಹಲ್ಲಿಂದ ಇನ್ನಷ್ಟು ಎಳಕೊಳ್ಳಾಕ ಜಾಗಾನ ಇಲ್ಲ. ಮಜ್ಜಿಗಿ ಕುಡಿಯಾಕ ಯಾರೂ ಅಂಜೂದು ಬ್ಯಾಡ. ಲಿಂಬು ಸೋಡಾ ದಿನಾ ಗುಟುಕು ಗುಟುಕಾಗಿ ಅರ್ಧ ತಾಸು ಕುಡಿಯೂದು, ಹುಣಸಿ ಚಿಗಳಿ ಬಾಯಾಗ ಇಟಗೊಂಡು ಚೀಪೂದು, ಇವು ಕೆಡಸ್ತಾವ. ಎಷ್ಟು ಕುಡದ್ರಿ ಅನ್ನೂದಕಿಂತ ಎಷ್ಟೊತ್ತು ಬಾಯಾಗಿತ್ತು ಅನ್ನೂದು ದೊಡ್ಡದು.

ಊರ ಕಡೆ ಇನ್ನೊಂದು: ಗಿರಣ್ಯಾಗ ಕಲ್ಲು ಕೊಚ್ಚಿಸಿದ ಕೂಡ್ಲೆ ಬೀಸಿದ ಜ್ವಾಳದ ಹಿಟ್ಟಿನಾಗ ಕಲ್ಲಿನ ಪುಡಿ ಬೀಳ್ತೈತಿ. ರೊಟ್ಟಿ ಕಡದಾಗ ಕರಕರ ಅಂದ್ರ ಆ ಹಿಟ್ಟು ದನಕ್ಕ ಹಾಕ್ರಿ.

ಹುಳಿ ತಿಂದ ಕೂಡ್ಲೆ ಬ್ರಷ್ ಹಿಡೀಬ್ಯಾಡ್ರಿ. ಮೆತ್ತಗಾದ ಪದರ ಬ್ರಷ್ಷಿನ ಜೋಡಿ ಹೋಗ್ತೈತಿ. ಬಾಯಿ ಮುಕ್ಕಳಿಸಿ ಒಂದು ತಾಸು ಬಿಡ್ರಿ.

ಬ್ಯಾಡಗಿ_ಕ್ಲಿನಿಕ್ (ಹಾವೇರಿ ಜಿಲ್ಲೆ)

ಮೇಲಿನ ಕೊನೆಯ ಮಾತಿಗೆ ಸಣ್ಣ ತಕರಾರು. ಮುಕ್ಕಳಿಸುವುದು ಸರಿ. ಆದರೆ ಒಂದು ತಾಸು ಕಾಯಬೇಕು ಅನ್ನುವುದಕ್ಕೆ ಪುರಾವೆ ಅಷ್ಟು ಗಟ್ಟಿಯಿಲ್ಲ. ಜೊಲ್ಲು ಖನಿಜ ತುಂಬುವ ವೇಗ ಅಷ್ಟಿಲ್ಲ. ಪಾಲಕರ ಹಾಳೆಯಲ್ಲಿ 'ಒಂದು ತಾಸು ಕಾಯಿರಿ' ಅಂತ ಹಾಕಿದರೆ ಮಕ್ಕಳು ಕಾದು ಕಾದು ಉಜ್ಜುವುದನ್ನೇ ಬಿಡುತ್ತಾರೆ. ತಿನ್ನುವ ಮುಂಚೆಯೇ ಉಜ್ಜಿ ಅನ್ನಿ, ಗೊಂದಲ ಇಲ್ಲ.

ಹುಬ್ಬಳ್ಳಿ_ಹಲ್ಲು

ಮಕ್ಕಳ ಮಟ್ಟಿಗೆ ಒಪ್ಪಿದೆರಿ. ಬಟ್ಟಲದಂಗ ಕುಳಿ ಬಿದ್ದ ದೊಡ್ಡವ್ರಿಗೆ ನಾ ಕಾಯ್ರಿ ಅಂತನ ಹೇಳ್ತೀನಿ.

ದಂತ_ಊತಕ

ಮೊಟ್ಟೆಯ ಪ್ರಯೋಗ ನೋಡಲು ಚೆಂದ, ಹೋಲಿಕೆ ತಪ್ಪು. ಚಿಪ್ಪು ಕ್ಯಾಲ್ಸಿಯಂ ಕಾರ್ಬೊನೇಟ್, ಗುಳ್ಳೆ ಬಿಟ್ಟು ಒಂದು ದಿನದಲ್ಲಿ ಕರಗಿಹೋಗುತ್ತದೆ. ಎನಾಮಲ್ ಫಾಸ್ಫೇಟ್, ಹಾಗೆ ಗುಳ್ಳೆಯೂ ಬರುವುದಿಲ್ಲ, ಆ ವೇಗವೂ ಇಲ್ಲ.

ಹೀಗೆ ಮಾಡಿ. ಉದುರಿದ ಹಾಲುಹಲ್ಲು ಒಂದನ್ನು ಸೋಪುನೀರಿನಲ್ಲಿ ತೊಳೆದು 20 ನಿಮಿಷ ಕುದಿಸಿ, ಕೈಗವಸು ಹಾಕಿಕೊಂಡು ಒರೆಸಿ ಒಣಗಿಸಿ. ಹೊರಮೈಯ ಅರ್ಧಕ್ಕೆ ಉಗುರುಬಣ್ಣವನ್ನು ಎರಡು ಸಲ ಬಳಿಯಿರಿ, ಒಣಗಲಿ. ಚಿಕ್ಕ ಗಾಜಿನ ಲೋಟದಲ್ಲಿ ಹಲ್ಲು ಮುಳುಗುವಷ್ಟು ಲಿಂಬೆರಸ ಹಾಕಿ ಒಂದು ರಾತ್ರಿ ಬಿಡಿ. ಬೆಳಿಗ್ಗೆ ತೊಳೆದು ಉಗುರುಬಣ್ಣ ಕೆರೆದು ತೆಗೆಯಿರಿ. ಬಣ್ಣದ ಕೆಳಗಿದ್ದ ಅರ್ಧ ಹೊಳೆಯುತ್ತಿರುತ್ತದೆ, ಇನ್ನರ್ಧ ಮಂಕಾಗಿ ಸೀಮೆಸುಣ್ಣದಂತೆ ಆಗಿರುತ್ತದೆ, ನಡುವೆ ಗೆರೆ ಸ್ಪಷ್ಟ. ಉಗುರಿನಿಂದ ಎಳೆದರೆ ಮಂಕಾದ ಕಡೆ ಒರಟು ಗೊತ್ತಾಗುತ್ತದೆ. ಇನ್ನೊಂದು ಹಲ್ಲನ್ನು ಅದೇ ರೀತಿ ಮಜ್ಜಿಗೆಯಲ್ಲಿಟ್ಟು ಪಕ್ಕಕ್ಕೆ ತೋರಿಸಿ. ಹುಬ್ಬಳ್ಳಿಯವರು ಹೇಳಿದ್ದು ಮಕ್ಕಳಿಗೆ ಕಣ್ಣಾರೆ ಕಾಣುತ್ತದೆ. ಹಲ್ಲಿನ ಬೇರಿನ ಕಡೆ ಡೆಂಟಿನ್ ತೆರೆದಿದ್ದರೆ ಅದನ್ನೂ ಉಗುರುಬಣ್ಣದಲ್ಲಿ ಮುಚ್ಚಿ, ಇಲ್ಲವಾದರೆ ಅದು ಮೊದಲು ಮೆತ್ತಗಾಗಿ ಗೊಂದಲವಾಗುತ್ತದೆ.

ಬ್ಯಾಡಗಿ_ಕ್ಲಿನಿಕ್

ಇನ್ನು ಏನು ಮಾಡಿಸಬಹುದು ಅಂತ ಪಾಲಕರು ಕೇಳಿಯೇ ಕೇಳುತ್ತಾರೆ.

ಒಸಡಿನ ಪಕ್ಕದ ಬಿಳಿ ಪಟ್ಟಿಗೆ ಮನೆಯ ಔಷಧವೇ ಸಾಕಾಗಬಹುದು: ದಿನಕ್ಕೆ ಎರಡು ಸಲ ಫ್ಲೋರೈಡ್ ಪೇಸ್ಟ್, ಉಜ್ಜಿದ ಮೇಲೆ ಉಗುಳಿ, ನೀರಿನಲ್ಲಿ ಜೋರಾಗಿ ತೊಳೆಯಬೇಡಿ. ನಮ್ಮಲ್ಲಿ ಪೇಸ್ಟಿನ ಫ್ಲೋರೈಡಿಗೆ ಮಿತಿ 1000 ಪಿಪಿಎಂ (ಹತ್ತು ಲಕ್ಷ ಪಾಲಿನಲ್ಲಿ 1000). ಇಲ್ಲೊಂದು ಸಿಕ್ಕು: ಫ್ಲೋರೈಡ್ ನೀರಿನ ಊರಲ್ಲಿ ಫ್ಲೋರೈಡ್ ಪೇಸ್ಟ್ ಯಾಕೆ ಅಂತ ಪ್ರಶ್ನೆ ಬರುತ್ತದೆ. 13 ವರ್ಷದವನ ಎನಾಮಲ್ ತಯಾರಾಗಿ ಮುಗಿದಿದೆ, ಪೇಸ್ಟಿನಿಂದ ಹೊಸ ಗೆರೆ ಬರುವ ಪ್ರಶ್ನೆಯೇ ಇಲ್ಲ. ಮೇಲ್ಮೈಗೆ ತಾಗುವ ಫ್ಲೋರೈಡು ಕರಗಿದ ಜಾಗಕ್ಕೆ ಖನಿಜ ಮರಳಿ ಕೂರಲು ನೆರವಾಗುತ್ತದೆ, ಹಾಗೆ ಕೂತದ್ದು ಸುಮಾರು ಪಿಎಚ್ 4.5ರ ತನಕ ತಡೆಯುತ್ತದೆ. ಕೆಡುಕು ನುಂಗಿದ ಫ್ಲೋರೈಡಿನದು, ಅದೂ ಹಲ್ಲು ಕಟ್ಟುವ ವಯಸ್ಸಿನಲ್ಲಿ. ಆದ್ದರಿಂದ 3 ವರ್ಷದೊಳಗಿನವರಿಗೆ ಅಕ್ಕಿಕಾಳಿನಷ್ಟು, 3ರಿಂದ 6ಕ್ಕೆ ಬಟಾಣಿ ಕಾಳಿನಷ್ಟು, ದೊಡ್ಡವರೇ ಹಾಕಿಕೊಡಬೇಕು. ಟಿವಿ ಜಾಹೀರಾತಿನಂತೆ ಬ್ರಷ್ ತುಂಬ ಅಲ್ಲ.

ಫ್ಲೋರೋಸಿಸ್ ಗೆರೆ ತೆಳುವಾಗಿದ್ದರೆ ಬಿಡಿ, ಅದು ಹಲ್ಲಿನ ಆಯುಸ್ಸು ಕಡಿಮೆ ಮಾಡುವುದಿಲ್ಲ. ಮಗುವಿಗೆ ನಗಲು ನಾಚಿಕೆ ಆಗುವಷ್ಟಿದ್ದರೆ ಮೈಕ್ರೋಅಬ್ರೇಶನ್ ಇದೆ: ಹೈಡ್ರೋಕ್ಲೋರಿಕ್ ಆಮ್ಲ ಮತ್ತು ತಿಕ್ಕುವ ಪುಡಿಯ ಲೇಪವನ್ನು ರಬ್ಬರ್ ಹಾಳೆ ಕಟ್ಟಿ, ಸೆಕೆಂಡು ಎಣಿಸಿ ಹಚ್ಚಿ ತೊಳೆಯುತ್ತಾರೆ. ಹೋಗುವುದು 0.1ರಿಂದ 0.2 ಮಿ.ಮೀ. ಮೇಲ್ಪದರ. ಕಲೆ ಅದಕ್ಕಿಂತ ಆಳವಿದ್ದರೆ ಇದರಿಂದ ಆಗದು. ಬಿಳಿ ಮಚ್ಚೆಗೆ ತೆಳು ರೆಸಿನ್ (ಆಮೇಲೆ ಗಟ್ಟಿಯಾಗುವ ಅಂಟಿನಂಥ ದ್ರವ) ಇಳಿಸುವ ವಿಧಾನವಿದೆ. ಮೇಲೆ ಹೇಳಿದ ವಕ್ರೀಭವನದ ಲೆಕ್ಕವೇ ಅದು, ರಂಧ್ರದಲ್ಲಿ ಗಾಳಿಯ ಬದಲು ರೆಸಿನ್ ತುಂಬಿದರೆ ಮಚ್ಚೆ ಮರೆಯಾಗುತ್ತದೆ. ಗುಳಿ ಬಿದ್ದ ತೀವ್ರ ಹಲ್ಲಿಗೆ ಕಾಂಪೋಸಿಟ್, ಅಂದರೆ ಹಲ್ಲಿನ ಬಣ್ಣದ ಲೇಪ. ಫ್ಲೋರೋಸಿಸ್ ಎನಾಮಲ್‌ನ ಹೊರಪದರ ಆಮ್ಲಕ್ಕೆ ಬೇಗ ಜಗ್ಗುವುದಿಲ್ಲ. ಕಾಂಪೋಸಿಟ್ ಹಿಡಿದು ನಿಲ್ಲಲೆಂದು ಮೊದಲು ಹಚ್ಚುವ 37 ಶೇಕಡಾ ಫಾಸ್ಫಾರಿಕ್ ಆಮ್ಲವನ್ನು ಎಂದಿನ 15-30 ಸೆಕೆಂಡ್ ಬದಲು ಹೆಚ್ಚು ಹೊತ್ತು ಇಡಬೇಕು ಅಥವಾ ಮೇಲ್ಪದರ ತುಸು ಕೆರೆಯಬೇಕು. ಅವಸರ ಮಾಡಿದ ಕಾಂಪೋಸಿಟ್ ವರ್ಷದೊಳಗೆ ಕಳಚಿ ಕೈಗೆ ಬರುವುದು ಇದಕ್ಕೇ.

ಎಂಐಎಚ್ ದವಡೆಹಲ್ಲು ತಣ್ಣನೆ ನೀರಿಗೇ ಜುಂ ಅನ್ನುತ್ತದೆ, ಮಗು ಆ ಕಡೆ ಬ್ರಷ್ ಹಾಕುವುದನ್ನೇ ಬಿಡುತ್ತದೆ, ಹುಳುಕು ಬೇಗ. ಫ್ಲೋರೈಡ್ ವಾರ್ನಿಷ್, ಗ್ಲಾಸ್ ಅಯಾನೊಮರ್ ಮುಚ್ಚಿಗೆ, ಕೆಟ್ಟರೆ ಸ್ಟೀಲ್ ಕ್ಯಾಪ್. ಧಾರವಾಡ ಸತ್ತೂರಿನ ಎಸ್‌ಡಿಎಂ ದಂತ ಕಾಲೇಜಿನಲ್ಲಿ ಮಕ್ಕಳ ಹಲ್ಲಿನ ವಿಭಾಗ ಇದೆ, ಅಲ್ಲಿಗೆ ಕಳಿಸಬಹುದು.

ಒಂದು ಎಚ್ಚರಿಕೆ ಹಾಳೆಯಲ್ಲಿ ಸೇರಿಸಿ. ಸಂತೆ, ಜಾತ್ರೆಯಲ್ಲಿ ಹತ್ತಿಗೆ ಬಣ್ಣವಿಲ್ಲದ ದ್ರಾವಣ ಹಚ್ಚಿ ಒಂದೇ ನಿಮಿಷಕ್ಕೆ ಬೆಳ್ಳಗೆ ಮಾಡಿಕೊಡುವವರಿದ್ದರೆ ಅದು ಬಹುತೇಕ ಆಮ್ಲ. ಕ್ಲಿನಿಕ್‌ನಲ್ಲೂ ಆಮ್ಲವೇ ಅಲ್ಲವೇ ಅಂದರೆ, ಹೌದು. ಅಲ್ಲಿ ಪ್ರಮಾಣ ಗೊತ್ತು, ಸೆಕೆಂಡ್ ಲೆಕ್ಕ ಇದೆ, ಒಸಡಿಗೆ ಮರೆ ಇದೆ.

ವಿಜ್ಞಾನ_ಮಾಸ್ತರ

ಹಾಳೆ ಎರಡು ಪುಟದಲ್ಲಿ ಮುಗಿಯೋ ಹಾಗೆ ಕಾಣಲ್ಲ. ನೀರು_ಪರೀಕ್ಷೆ ಅವರೇ, ಬೋರು ಮತ್ತು ಘಟಕ ಎರಡರದ್ದೂ ನೀರು ಕಳಿಸ್ತೀವಿ. ಹೇಗೆ ತುಂಬಬೇಕು?

ನೀರು_ಪರೀಕ್ಷೆ

ಪ್ಲಾಸ್ಟಿಕ್ ಬಾಟಲಿ, ಗಾಜು ಬೇಡ; ಫ್ಲೋರೈಡ್ ಗಾಜಿನ ಜೊತೆ ವರ್ತಿಸುತ್ತದೆ. ಒಂದು ಲೀಟರ್ ಸಾಕು. ಬೋರನ್ನು ಐದು ನಿಮಿಷ ಓಡಿಸಿ, ಪೈಪಿನಲ್ಲಿ ನಿಂತ ನೀರು ಹೋಗಲಿ. ಅದೇ ನೀರಿನಲ್ಲಿ ಬಾಟಲಿಯನ್ನು ಮೂರು ಸಲ ಕುಲುಕಿ ಚೆಲ್ಲಿ, ಆಮೇಲೆ ತುಂಬಿ. ಮೇಲೆ ಊರು, ಬೋರಿನ ಗುರುತು, ತಾರೀಖು, ವೇಳೆ ಬರೆಯಿರಿ. ಗ್ರಾಮೀಣ ಕುಡಿಯುವ ನೀರು ಮತ್ತು ನೈರ್ಮಲ್ಯ ಇಲಾಖೆಯ ಜಿಲ್ಲಾ ಪ್ರಯೋಗಾಲಯಕ್ಕೆ ಪಂಚಾಯ್ತಿ ಮೂಲಕ ಕೊಡಬಹುದು. ಫ್ಲೋರೈಡ್ ಎಂದು ಬಿಡಿಸಿ ಬರೆಯಿರಿ, ಬರೀ 'ನೀರಿನ ಪರೀಕ್ಷೆ' ಅಂದರೆ ಕ್ರಿಮಿ ಪರೀಕ್ಷೆಯಷ್ಟೇ ಆಗಿ ಬರಬಹುದು. ಘಟಕದ ನೀರನ್ನು ನಲ್ಲಿಯಿಂದ ಅಲ್ಲ, ಜನ ಕೊಡ ತುಂಬಿಸುವ ಪೈಪಿನಿಂದಲೇ ಹಿಡಿಯಿರಿ, ಬೈಪಾಸ್ ಬೆರೆತಿದ್ದರೆ ಅಲ್ಲೇ ಸಿಗೋದು. ಬೇಸಿಗೆ ಕೊನೆಗೊಂದು ಸಲ, ಮಳೆ ಮುಗಿದ ಮೇಲೆ ಒಂದು ಸಲ. ಶಾಲೆಯ ಬಿಸಿಯೂಟದ ಅಡುಗೆಗೆ ಯಾವ ನೀರು ಬಳಸ್ತಾರೋ ಅದಕ್ಕೆ ಮೂರನೇ ಬಾಟಲಿ ಇಡಿ.